ಒಂದು ಮೊಬೈಲ್, ಅರವತ್ತು ಕಣ್ಣು: ಪ್ರಾಥಮಿಕ ಶಾಲೆಯಲ್ಲಿ ಚಿತ್ರ ಓದುವುದನ್ನು ಯಾವುದರಿಂದ ಕಲಿಸಬೇಕು?

ಸುತ್ತಲಿನ ಶಾಲೆಗಳ ಶಿಕ್ಷಕರೆಲ್ಲ ಸೇರುವ ಕ್ಲಸ್ಟರ್ ಸಭೆಯಲ್ಲಿ ಚಹಾ ಬರುವ ಹೊತ್ತಿಗೆ ಪಕ್ಕದೂರಿನ ಮುಖ್ಯ ಶಿಕ್ಷಕರೊಬ್ಬರು ಕುರ್ಚಿ ಎಳೆದುಕೊಂಡು ಹತ್ತಿರ ಕುಳಿತರು. “ನಮ್ಮ ಹಳೆಯ ವಿದ್ಯಾರ್ಥಿಗಳು ಶಾಲೆಗೆ ಏನಾದರೂ ಕೊಡಿಸುತ್ತಾರಂತೆ. ದೊಡ್ಡ ಸ್ಮಾರ್ಟ್ ಟಿವಿ ಕೇಳಲೋ, ನಾಲ್ಕೈದು ಟ್ಯಾಬ್ ಕೇಳಲೋ?” ಯಾವ ಕೆಲಸಕ್ಕೆ ಎಂದು ಕೇಳಿದೆ. “ಮಕ್ಕಳು ಮನೆಗೆ ಹೋದರೆ ಅಪ್ಪನ ಮೊಬೈಲಿನಲ್ಲಿ ರೀಲ್ಸ್ ನೋಡುತ್ತಾರೆ. ಕಂಡದ್ದನ್ನೆಲ್ಲ ನಿಜವೆಂದು ಮರುದಿನ ನನಗೇ ಬಂದು ಹೇಳುತ್ತಾರೆ. ಅದಕ್ಕೇನಾದರೂ ಮಾಡಬೇಕು” ಎಂದರು.

ಎರಡನ್ನೂ ಸದ್ಯಕ್ಕೆ ಕೇಳಬೇಡಿ, ನಿಮ್ಮ ಜೇಬಿನಲ್ಲಿರುವ ಮೊಬೈಲಿನಿಂದ ಶುರುಮಾಡಿ ಎಂದೆ. ಅವರ ಮುಖ ಸ್ವಲ್ಪ ಬಾಡಿತು. ಕೊಡುವವರು ಸಿಕ್ಕಾಗ ಬೇಡ ಎನ್ನುವ ಸಲಹೆ ಯಾರಿಗೂ ರುಚಿಸುವುದಿಲ್ಲ. ಚಹಾದ ಹೊತ್ತಿನಲ್ಲಿ ಕಾರಣ ಬಿಡಿಸಿ ಹೇಳಲು ಆಗಲಿಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮಾಧ್ಯಮ ಸಾಕ್ಷರತೆ, ದೃಶ್ಯ ಸಾಕ್ಷರತೆ ಎಂಬ ಪದಗಳು ತರಬೇತಿಯ ಕೈಪಿಡಿಗಳಲ್ಲಿ ಭಾರವಾಗಿ ಕಾಣುತ್ತವೆ. ನಮ್ಮ ಹಿರಿಯರು ಇದನ್ನೇ ಹಗುರಾಗಿ ಹೇಳಿದ್ದಾರೆ: ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು. ಎಂಟು ವರ್ಷದ ಮಗುವಿಗೆ ಪ್ರಮಾಣಿಸುವುದು ಎಂದರೇನು? ಚಿತ್ರವನ್ನು ಯಾರೋ ಒಬ್ಬರು ಒಂದು ಕಡೆ ನಿಂತು ತೆಗೆದಿದ್ದಾರೆ, ಏನನ್ನೋ ಒಳಗೆ ಇಟ್ಟು ಏನನ್ನೋ ಹೊರಗೆ ಬಿಟ್ಟಿದ್ದಾರೆ ಎಂದು ಗೊತ್ತಾದರೆ ಸಾಕು, ಅರ್ಧ ಪಾಠ ಮುಗಿದಂತೆ. ಇದನ್ನು ಬಾಯಲ್ಲಿ ಹೇಳಿಕೊಟ್ಟರೆ ಮಕ್ಕಳು ತಲೆಯಾಡಿಸುತ್ತಾರೆ, ಅಷ್ಟೇ. ತಾವೇ ಒಮ್ಮೆ ಹೊರಗೆ ಬಿಟ್ಟು ನೋಡಿದಾಗ ಮಾತ್ರ ಅದು ಒಳಗೆ ಇಳಿಯುತ್ತದೆ.

ಆದ್ದರಿಂದ ಯಾವ ಸಾಧನ ಬಂದರೂ ನಾನು ಮೊದಲು ಕೇಳುವುದು ಇದನ್ನು: ಚೌಕಟ್ಟು ಎಲ್ಲಿ ನಿಲ್ಲಬೇಕೆಂದು ತೀರ್ಮಾನಿಸುವವರು ಮಗುವೋ, ಶಿಕ್ಷಕರೋ, ತಂತ್ರಾಂಶವೋ? ಎರಡನೆಯದು ತೀರಾ ಸರಳವಾದ ಪ್ರಶ್ನೆ. ನಲವತ್ತು ನಿಮಿಷದ ಅವಧಿಯಲ್ಲಿ ವೈರು ಜೋಡಿಸಿ, ಪಾಸ್‌ವರ್ಡ್ ಹುಡುಕಿ, ಕರೆಂಟು ಬರುವವರೆಗೆ ಕಾದು, ಮಕ್ಕಳ ಪಾಲಿಗೆ ಎಷ್ಟು ನಿಮಿಷ ಉಳಿಯುತ್ತದೆ? ಬೆಲೆ, ಬ್ರ್ಯಾಂಡು, ರೆಸಲ್ಯೂಷನ್ನು ಎಲ್ಲ ಆಮೇಲೆ.

ದೊಡ್ಡ ಪರದೆ

ಸ್ಮಾರ್ಟ್ ಟಿವಿ ಅಥವಾ ಪ್ರೊಜೆಕ್ಟರ್ ಇರುವ ಶಾಲೆಗಳಲ್ಲಿ ಅದರ ಬಳಕೆ ಹೆಚ್ಚಾಗಿ ಒಂದೇ ರೀತಿ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡುವುದು, 2017ರಲ್ಲಿ ಶುರುವಾದ ಸರ್ಕಾರದ ದೀಕ್ಷಾ ವೇದಿಕೆಯಿಂದ ವಿಡಿಯೊ ಹಾಕುವುದು, ಮುಗಿದ ಮೇಲೆ ಪ್ರಶ್ನೆ ಕೇಳುವುದು. ವಿಷಯ ಕಲಿಸಲು ಅದು ಚೆನ್ನಾಗಿದೆ. ಚಿತ್ರ ಓದುವುದನ್ನು ಮಾತ್ರ ಅದು ಕಲಿಸುವುದಿಲ್ಲ. ಅಲ್ಲಿ ವಿಡಿಯೊ ಹೇಳಿದ್ದೇ ಸರಿಯಾದ ಉತ್ತರ. ಅದನ್ನು ಪ್ರಶ್ನಿಸಲು ಮಗುವಿಗೆ ಜಾಗವೇ ಇಲ್ಲ.

ಅದೇ ಪರದೆಯ ಮೇಲೆ ಒಂದೇ ಒಂದು ಸ್ಥಿರಚಿತ್ರ ಹಾಕಿ ಹದಿನೈದು ನಿಮಿಷ ಬಿಟ್ಟರೆ ಕಥೆ ಬೇರೆಯಾಗುತ್ತದೆ. ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯದಲ್ಲಿ ಶಿಕ್ಷಣ ವಿಭಾಗ ನೋಡಿಕೊಳ್ಳುತ್ತಿದ್ದ ಫಿಲಿಪ್ ಯೆನವೈನ್ ಅವರು ಮನೋವಿಜ್ಞಾನಿ ಅಬಿಗೇಲ್ ಹೌಸನ್ ಜೊತೆ ಸೇರಿ ರೂಪಿಸಿದ ಒಂದು ಕ್ರಮವಿದೆ. ಅದರಲ್ಲಿ ಮೂರೇ ಪ್ರಶ್ನೆ. ಈ ಚಿತ್ರದಲ್ಲಿ ಏನು ನಡೆಯುತ್ತಿದೆ? ಏನನ್ನು ನೋಡಿ ಹಾಗೆ ಹೇಳುತ್ತೀಯ? ಇನ್ನೇನು ಕಾಣಿಸುತ್ತದೆ? ಶಿಕ್ಷಕರು ಸರಿ ತಪ್ಪು ಹೇಳುವಂತಿಲ್ಲ. ಮೂವತ್ತು ವರ್ಷ ಸರಿ ತಪ್ಪು ಹೇಳಿಕೊಂಡೇ ಬಂದ ನಮಗೆ ಇದು ಉಪವಾಸಕ್ಕಿಂತ ಕಷ್ಟ.

ನಾಲ್ಕನೆಯ ತರಗತಿಯಲ್ಲಿ ಒಮ್ಮೆ ಒಂದು ಕಪ್ಪು ಬಿಳುಪು ಚಿತ್ರ ಹಾಕಿದ್ದೆ. ಬಸ್ ನಿಲ್ದಾಣದ ಕಟ್ಟೆಯ ಮೇಲೆ ಬುಟ್ಟಿ ಇಟ್ಟುಕೊಂಡು ಕುಳಿತ ಅಜ್ಜಿ.

“ಅಜ್ಜಿ ಸಂತೆಗೆ ಹೊರಟಿದ್ದಾಳೆ” ಎಂದಿತು ಒಂದು ಮಗು. ಏನನ್ನು ನೋಡಿ ಹೇಳಿದೆ ಎಂದೆ. “ಬುಟ್ಟಿ ಇದೆಯಲ್ಲ.”

“ಬುಟ್ಟಿ ಖಾಲಿ ಇದೆ. ಮಾರಿ ವಾಪಸ್ ಬರುತ್ತಿದ್ದಾಳೆ” ಎಂದ ಹಿಂದಿನ ಸಾಲಿನವನು.

“ನೆರಳು ಉದ್ದ ಇದೆ. ಸಂಜೆ ಆಗಿದೆ. ವಾಪಸ್ಸೇ” ಎಂದಳು ಇನ್ನೊಬ್ಬಳು, ಅವನ ಪರ ವಹಿಸಿ.

ಮೊದಲ ಮಗು ಸೋಲಲಿಲ್ಲ. “ಬೆಳಿಗ್ಗೆಯೂ ನೆರಳು ಉದ್ದವೇ ಇರುತ್ತದೆ.”

ಪರಿಸರ ಅಧ್ಯಯನದ ನೆರಳಿನ ಪಾಠ ಅಷ್ಟು ಚೆನ್ನಾಗಿ ಪ್ರಯೋಜನಕ್ಕೆ ಬಂದದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ಅಜ್ಜಿ ಹೋಗುತ್ತಿದ್ದಳೋ ಬರುತ್ತಿದ್ದಳೋ ನನಗೂ ಗೊತ್ತಿರಲಿಲ್ಲ. ಹಾಗೆಂದು ಮಕ್ಕಳಿಗೆ ಹೇಳಿದೆ. ಅವರಿಗೆ ಅದು ದೊಡ್ಡ ಸುದ್ದಿಯಾಯಿತು.

ಇಂಥ ಪಾಠಕ್ಕೆ ಚಿತ್ರ ಹುಡುಕುವವರಿಗೆ ಒಂದು ಮಾತು. ಮೈಸೂರಿನ ಟಿ. ಎಸ್. ಸತ್ಯನ್ ಅವರು ತೆಗೆದ ಮಕ್ಕಳ ಛಾಯಾಚಿತ್ರಗಳನ್ನು ನೋಡಿ. ಯುನಿಸೆಫ್‌ಗಾಗಿಯೂ ಅವರು ದುಡಿದರು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರ ಚಿತ್ರಗಳು ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ಪ್ರದರ್ಶನಗೊಂಡವು. ಅವರ ಚಿತ್ರಗಳಲ್ಲಿ ಒಂದು ಕಥೆ ನಡೆಯುತ್ತಿರುತ್ತದೆ, ಆದರೆ ಪೂರ್ತಿ ಹೇಳಿರುವುದಿಲ್ಲ. ಪಾಠಕ್ಕೆ ಬೇಕಾದದ್ದು ಅದೇ. ಸೂರ್ಯಾಸ್ತ, ಹೂವು, ಜಲಪಾತದಂಥ ಸುಂದರ ಚಿತ್ರಗಳು ಇಲ್ಲಿ ಕೆಲಸಕ್ಕೆ ಬರುವುದಿಲ್ಲ. “ಚೆನ್ನಾಗಿದೆ ಸಾರ್” ಎಂಬಲ್ಲಿಗೆ ಮಾತು ಮುಗಿಯುತ್ತದೆ.

ಪರದೆಯ ದೋಷವೂ ಇದೆ. ಚೌಕಟ್ಟು ಇಟ್ಟವರು ಬೇರೆ ಯಾರೋ, ಚಿತ್ರ ಆರಿಸಿದವರು ಶಿಕ್ಷಕರು. ಮಗು ಒಳ್ಳೆಯ ಓದುಗನಾಗುತ್ತದೆ ಹೊರತು ಬರೆಯುವವನಾಗುವುದಿಲ್ಲ. ಪರದೆ ದೊಡ್ಡದಾದಂತೆ ಶಿಕ್ಷಕರ ಮಾತೂ ದೊಡ್ಡದಾಗುವ ಅಪಾಯ ಬೇರೆ. ಜೊತೆಗೆ ಒಂದು ಎಚ್ಚರಿಕೆ: ಮೊಬೈಲನ್ನು ಟಿವಿಗೆ ಜೋಡಿಸುವ ಮೊದಲು ಏರೋಪ್ಲೇನ್ ಮೋಡ್ ಹಾಕಿ. ಅಜ್ಜಿಯ ಬುಟ್ಟಿಯ ಮೇಲೆ ನನ್ನ ಸಾಲದ ಕಂತಿನ ಸಂದೇಶ ಬಂದು ಕುಳಿತಾಗ ತರಗತಿಯ ಅತ್ಯುತ್ತಮ ಓದುಗರೆಲ್ಲ ಅದನ್ನೇ ಗಟ್ಟಿಯಾಗಿ ಓದಿದರು.

ಒಂದೇ ಮೊಬೈಲು

ನನ್ನ ಒಲವು ಇದರ ಕಡೆಗೆ. ಹೊಸದಾಗಿ ಏನನ್ನೂ ಕೊಳ್ಳಬೇಕಿಲ್ಲ, ಇಂಟರ್ನೆಟ್ ಬೇಕಿಲ್ಲ, ಕ್ಯಾಮೆರಾ ಮತ್ತು ಗ್ಯಾಲರಿ ಇದ್ದರೆ ಸಾಕು. ಮೊಬೈಲಿನ ಜೊತೆಯೇ ಬರುವ ಕ್ರಾಪ್ ಮಾಡುವ, ಅಂದರೆ ಚಿತ್ರದ ಅಂಚು ಕತ್ತರಿಸುವ, ಸೌಲಭ್ಯವೇ ಇಲ್ಲಿ ಪಠ್ಯಪುಸ್ತಕ.

ಐದನೆಯ ತರಗತಿಯಲ್ಲಿ ಮಾಡಿದ ಒಂದು ಪಾಠವನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ಇದಕ್ಕಿಂತ ಅಗ್ಗದ, ಇದಕ್ಕಿಂತ ಗಟ್ಟಿಯಾದ ಪಾಠ ನನಗೆ ಸಿಕ್ಕಿಲ್ಲ. ಹಿಂದಿನ ದಿನ ಒಬ್ಬ ಹುಡುಗನ ಮುಖದ ಫೋಟೊ ತೆಗೆದೆ. ನಗಬೇಡ, ಸಿಟ್ಟಾಗಬೇಡ, ಗೋಡೆ ನೋಡಿದ ಹಾಗೆ ನೋಡು ಎಂದಿದ್ದೆ. ಆಮೇಲೆ ಬಿಸಿಯೂಟದ ತಟ್ಟೆಯ ಒಂದು ಫೋಟೊ, ಕೆಂಪು ಶಾಯಿಯಲ್ಲಿ ಅಂಕ ಬರೆದ ಉತ್ತರ ಪತ್ರಿಕೆಯ ಒಂದು ಫೋಟೊ, ಶಾಲೆಯ ಹಿಂದೆ ಮರಿ ಹಾಕಿದ್ದ ನಾಯಿಯ ಒಂದು ಫೋಟೊ. ಮರುದಿನ ತರಗತಿಯನ್ನು ಮೂರು ಗುಂಪು ಮಾಡಿ ಒಂದೊಂದು ಗುಂಪನ್ನು ಮಾತ್ರ ಒಳಗೆ ಕರೆದೆ. ಮೊದಲ ಗುಂಪಿಗೆ ಮುಖ, ತಟ್ಟೆ, ಮತ್ತೆ ಮುಖ. ಎರಡನೆಯ ಗುಂಪಿಗೆ ಮುಖ, ಉತ್ತರ ಪತ್ರಿಕೆ, ಮುಖ. ಮೂರನೆಯ ಗುಂಪಿಗೆ ಮುಖ, ನಾಯಿಮರಿ, ಮುಖ. ಅವನಿಗೆ ಏನನಿಸುತ್ತಿದೆ ಎಂದು ಒಂದು ಸಾಲು ಬರೆಯಿರಿ ಎಂದೆ.

ಹೊಟ್ಟೆ ಹಸಿದಿದೆ ಎಂದು ಮೊದಲ ಗುಂಪು ಬರೆಯಿತು. ಮನೆಯಲ್ಲಿ ಹೊಡೆತ ಬೀಳುತ್ತದೆಂದು ಹೆದರಿದ್ದಾನೆ ಎಂದಿತು ಎರಡನೆಯದು. ನಾಯಿಮರಿ ನೋಡಿದವರು ಅವನಿಗೆ ಅದನ್ನು ಮನೆಗೆ ಒಯ್ಯುವ ಆಸೆ, ಅಮ್ಮ ಬಿಡುವುದಿಲ್ಲ ಎಂದರು. ಒಬ್ಬಳಂತೂ ಅವನ ಕಣ್ಣಂಚಿನಲ್ಲಿ ನೀರು ಕಂಡಳು. ಎಲ್ಲರೂ ಒಟ್ಟಿಗೆ ಕುಳಿತು ತಮ್ಮ ತಮ್ಮ ಸಾಲು ಓದಿದಾಗ ಗಲಾಟೆ ಎದ್ದಿತು. ನೀವು ನಮಗೆ ಬೇರೆ ಫೋಟೊ ತೋರಿಸಿದ್ದೀರಿ ಎಂದು ನನ್ನ ಮೇಲೆ ಆರೋಪ. ಒಂದೇ ಫೋಟೊ ಎಂದು ತೋರಿಸಿದೆ. ನಂಬಲಿಲ್ಲ. ಕೊನೆಗೆ ಆ ಹುಡುಗನೇ ಎದ್ದು ನಿಂತು, “ನನಗೆ ಏನೂ ಅನಿಸುತ್ತಿರಲಿಲ್ಲ. ಸಾರ್ ಗೋಡೆ ನೋಡು ಎಂದರು, ನೋಡಿದೆ” ಎಂದ.

ಇದು ನನ್ನ ಬುದ್ಧಿಯಲ್ಲ. ಸುಮಾರು ನೂರು ವರ್ಷಗಳ ಹಿಂದೆ ರಷ್ಯಾದ ಚಿತ್ರ ನಿರ್ದೇಶಕ ಲೆವ್ ಕುಲೆಶೋವ್ ಒಬ್ಬ ನಟನ ಒಂದೇ ಮುಖಭಾವದ ಪಕ್ಕದಲ್ಲಿ ಸೂಪಿನ ಬಟ್ಟಲು, ಶವಪೆಟ್ಟಿಗೆ, ಒಬ್ಬ ಹೆಂಗಸು ಹೀಗೆ ಬೇರೆ ಬೇರೆ ದೃಶ್ಯ ಜೋಡಿಸಿ ಇದೇ ಪ್ರಯೋಗ ಮಾಡಿದ್ದ. ನೋಡಿದವರು ನಟನ ಅಭಿನಯವನ್ನು ಹೊಗಳಿದರಂತೆ. ಅವನಿಗೆ ಬೇಕಾಗಿದ್ದ ಫಿಲ್ಮು, ಕತ್ತರಿ, ಗೋಂದು ಎಲ್ಲವೂ ಈಗ ನಮ್ಮ ಜೇಬಿನಲ್ಲಿವೆ.

ಮೂರನೆಯ ತರಗತಿಗೆ ಇನ್ನೂ ಸರಳವಾದದ್ದು ಒಂದಿದೆ: ಚಿಪ್ಸ್ ಪೊಟ್ಟಣ. ಪೊಟ್ಟಣದ ಮೇಲಿನ ಚಿತ್ರದ ಫೋಟೊ ತೆಗೆಸಿ. ಒಳಗಿರುವುದನ್ನು ತಟ್ಟೆಗೆ ಸುರಿದು ಅದರ ಫೋಟೊ ತೆಗೆಸಿ. ಎರಡನ್ನೂ ಹೋಲಿಸಿದಾಗ ಮಕ್ಕಳು ನಗುತ್ತಾರೆ. ಅಲ್ಲಿಗೇ ನಿಲ್ಲಿಸಬೇಡಿ. ಈಗ ನಿಮ್ಮ ಕೈಯಲ್ಲಿ ಒಂದು ಚಕ್ಕುಲಿ ಇದೆ, ಅದನ್ನು ಬಂಡಿ ಚಕ್ರದಷ್ಟು ದೊಡ್ಡದಾಗಿ ಕಾಣುವಂತೆ ಫೋಟೊ ತೆಗೆಯಿರಿ ಎನ್ನಿ. ಹತ್ತು ನಿಮಿಷದಲ್ಲಿ ಯಾರೋ ಒಬ್ಬರು ನೆಲದ ಮೇಲೆ ಮಲಗಿ, ಲೆನ್ಸಿಗೆ ಚಕ್ಕುಲಿ ಹತ್ತಿರ ಹಿಡಿದು, ದೂರದಲ್ಲಿ ಗೆಳೆಯನನ್ನು ನಿಲ್ಲಿಸಿ ಗುಟ್ಟು ಕಂಡುಹಿಡಿದಿರುತ್ತಾರೆ. ಅಂದಿನಿಂದ ಅವರು ಜಾಹೀರಾತು ನೋಡುವ ರೀತಿಯೇ ಬೇರೆ. ಅಂಗಡಿಯ ಗೋಡೆಯ ಪೋಸ್ಟರ್ ತೋರಿಸಿ “ಇವರೂ ನೆಲದ ಮೇಲೆ ಮಲಗಿಯೇ ತೆಗೆದಿದ್ದಾರೆ” ಎಂದು ನನ್ನನ್ನು ನಿಲ್ಲಿಸಿದವರಿದ್ದಾರೆ.

ಕತ್ತರಿಸುವ ಪಾಠಕ್ಕೆ ಬಂದಾಗ ನಾನು ಸ್ವಲ್ಪ ಗಂಭೀರನಾಗುತ್ತೇನೆ. 2018ರಲ್ಲಿ ಮಕ್ಕಳ ಕಳ್ಳರ ವದಂತಿ ವಾಟ್ಸ್‌ಆ್ಯಪ್‌ನಲ್ಲಿ ಹಬ್ಬಿದ್ದು ಎಲ್ಲರಿಗೂ ನೆನಪಿದೆ. ಆಗ ಹರಿದಾಡಿದ ಒಂದು ವಿಡಿಯೊದಲ್ಲಿ ಬೈಕಿನ ಮೇಲೆ ಬಂದ ಇಬ್ಬರು ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಮೂಲದಲ್ಲಿ ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಜಾಗೃತಿಗೆಂದೇ ತಯಾರಿಸಿದ ಕಿರುಚಿತ್ರ. ಕೊನೆಯಲ್ಲಿ ಅವರು ಮಗುವನ್ನು ಮರಳಿ ತಂದು ಬಿಟ್ಟು ಸಂದೇಶದ ಫಲಕ ತೋರಿಸುತ್ತಾರೆ. ಆ ಕೊನೆಯನ್ನು ಯಾರೋ ಕತ್ತರಿಸಿದರು, ಅಷ್ಟೇ. ಅದೇ ವರ್ಷದ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಹೊರಗಿನವರನ್ನು ಮಕ್ಕಳ ಕಳ್ಳರೆಂದು ಜನ ಹೊಡೆದರು. ಹೈದರಾಬಾದಿನಿಂದ ಬಂದಿದ್ದ ಯುವ ಎಂಜಿನಿಯರ್ ಒಬ್ಬರು ಸತ್ತರು. ಆ ತಿಂಗಳಲ್ಲೇ ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಕಳುಹಿಸಬಹುದೆಂಬ ಮಿತಿ ಪ್ರಕಟಿಸಿತು.

ಈ ಕಥೆಯನ್ನು ಒಂಬತ್ತು ವರ್ಷದ ಮಕ್ಕಳಿಗೆ ಹೇಳಬೇಕಿಲ್ಲ, ಆ ವಿಡಿಯೊ ತೋರಿಸಲೂಬಾರದು. ಕತ್ತರಿಯನ್ನು ಮಾತ್ರ ಅವರ ಕೈಗೆ ಕೊಡಿ. ನಮ್ಮ ಮಕ್ಕಳು ಒಬ್ಬಳು ಇನ್ನೊಬ್ಬಳ ಹೆಗಲಿನಿಂದ ಚೀಲ ಎಳೆದುಕೊಂಡು ಓಡುವ ಹನ್ನೆರಡು ಸೆಕೆಂಡಿನ ವಿಡಿಯೊ ಮಾಡಿದರು. ಮೊದಲ ಐದು ಸೆಕೆಂಡ್ ಮಾತ್ರ ನಾಲ್ಕನೆಯ ತರಗತಿಯವರಿಗೆ ತೋರಿಸಿದಾಗ “ಕಳ್ಳಿ” ಎಂಬ ತೀರ್ಪು ಬಂದಿತು. ಪೂರ್ತಿ ತೋರಿಸಿದರು: ಚೀಲದವಳ ಕಾಲಿಗೆ ಪಟ್ಟಿ ಕಟ್ಟಿದೆ, ಗೆಳತಿ ಅವಳ ಚೀಲ ಹೊತ್ತುಕೊಂಡು ಬಾಗಿಲಲ್ಲಿ ಕಾಯುತ್ತಿದ್ದಾಳೆ. ತೀರ್ಪು ಕೊಟ್ಟವರಿಗೆ ನಾಚಿಕೆ, ಮಾಡಿದವರಿಗೆ ಹೆಮ್ಮೆ.

ಒಂದೇ ಮೊಬೈಲಿನ ಕಷ್ಟ ಎಂದರೆ ಸರದಿ. ಮೂವತ್ತು ಮಕ್ಕಳಲ್ಲಿ ಇಪ್ಪತ್ತೈದು ಮಂದಿ ಖಾಲಿ ಕುಳಿತರೆ ತರಗತಿ ಸಂತೆಯಾಗುತ್ತದೆ. ಇದಕ್ಕೆ ರಟ್ಟಿನ ಚೌಕಟ್ಟೇ ಮದ್ದು. ಹಳೆಯ ಲಗ್ನಪತ್ರಿಕೆಗಳ ನಡುವೆ ಬೆಂಕಿಪೊಟ್ಟಣದಷ್ಟು ಕಿಟಕಿ ಕತ್ತರಿಸಿ ಎಲ್ಲರಿಗೂ ಕೊಡಿ. ಒಂದು ಕಣ್ಣು ಮುಚ್ಚಿ, ಅದರ ಮೂಲಕ ನೋಡಿ, ಏನನ್ನು ಸೇರಿಸುತ್ತೇನೆಂದು ಮೊದಲು ಕಾಗದದ ಮೇಲೆ ಗೀಚಿಟ್ಟವರಿಗೆ ಮಾತ್ರ ಮೊಬೈಲು. ಒಬ್ಬರಿಗೆ ಎರಡೇ ಫೋಟೊ. ಮಿತಿ ಇದ್ದಾಗಲೇ ಆಯ್ಕೆಗೆ ಬೆಲೆ. ಮಿತಿ ಹಾಕದ ದಿನ ಒಬ್ಬ ತನ್ನ ಚಪ್ಪಲಿಯದ್ದೇ ಎಪ್ಪತ್ತು ಫೋಟೊ ತೆಗೆದಿದ್ದ.

ಸ್ಟಾಪ್ ಮೋಷನ್

ಜೇಡಿಮಣ್ಣಿನ ಆನೆಯನ್ನು ಬೆರಳಗಲ ಸರಿಸಿ ಒಂದು ಫೋಟೊ, ಮತ್ತೆ ಸರಿಸಿ ಇನ್ನೊಂದು ಫೋಟೊ. ಸಾಲಾಗಿ ಓಡಿಸಿದರೆ ಆನೆ ನಡೆಯುತ್ತದೆ. ಸ್ಟಾಪ್ ಮೋಷನ್ ಸ್ಟುಡಿಯೊ ಎಂಬ ಆ್ಯಪ್‌ನ ಉಚಿತ ಆವೃತ್ತಿಯೇ ನಮಗೆ ಸಾಕಾಗುತ್ತದೆ. ಮೊಬೈಲು ಅಲುಗಾಡದಂತೆ ನಿಲ್ಲಿಸಲು ಒಂದು ಸ್ಟ್ಯಾಂಡ್ ಬೇಕು. ಇಲ್ಲದಿದ್ದರೆ ಎರಡು ಇಟ್ಟಿಗೆ, ಒಂದು ರಬ್ಬರ್ ಬ್ಯಾಂಡ್.

ಲೆಕ್ಕ ಮೊದಲೇ ಹಾಕಿಕೊಳ್ಳಿ. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರ. ಮಕ್ಕಳಿಗೆ 6 ಸಾಕು. ಹತ್ತು ಸೆಕೆಂಡಿನ ಚಿತ್ರಕ್ಕೆ 60 ಫೋಟೊ ಆಯಿತು. ಐವರ ಗುಂಪಿಗೆ ಅದೊಂದೇ ಒಂದು ಅವಧಿಯನ್ನು ನುಂಗುತ್ತದೆ. ಕಥೆ ಬರೆಯಲು ಒಂದು, ಗೊಂಬೆ ಮಾಡಲು ಒಂದು, ಕೊನೆಗೆ ಧ್ವನಿ ಸೇರಿಸಲು ಇನ್ನೊಂದು ಅವಧಿ. ಆರು ಗುಂಪು, ಒಂದು ಮೊಬೈಲು ಎಂದರೆ ಮೂರು ವಾರ ಹೋಯಿತೆಂದೇ ತಿಳಿಯಿರಿ. ಬ್ಯಾಗ್ ಇಲ್ಲದ ಸಂಭ್ರಮ ಶನಿವಾರಗಳಿಗೆ ಇದನ್ನು ಹೊಂದಿಸಿದರೆ ಪಾಠದ ಹೊರೆಗೆ ತೊಂದರೆಯಿಲ್ಲ.

ಕೊಟ್ಟ ಸಮಯಕ್ಕೆ ಸಿಗುವ ಫಲ ದೊಡ್ಡದು. ಪರದೆಯ ಮೇಲೆ ಚಲಿಸುವುದೆಲ್ಲ ಯಾರೋ ಕೈಯಿಂದ ಮಾಡಿದ್ದು ಎಂಬುದು ಮಗುವಿನ ಬೆರಳಿಗೇ ಗೊತ್ತಾಗುತ್ತದೆ. ತೊಗಲುಗೊಂಬೆಯಾಟದವರಿರುವ ಊರಿನ ಶಾಲೆಯಾದರೆ ಅವರನ್ನು ಒಮ್ಮೆ ಕರೆಸಿ, ಪರದೆಯ ಹಿಂದೆ ಮಕ್ಕಳನ್ನು ಕೂರಿಸಿ. ಸ್ಟಾಪ್ ಮೋಷನ್ ಕಲಿಸುವುದನ್ನೇ ಅವರೂ ಕಲಿಸುತ್ತಾರೆ, ಬ್ಯಾಟರಿಯ ಹಂಗಿಲ್ಲದೆ.

ಆದರೂ ಮೊದಲ ವರ್ಷವೇ ಇದಕ್ಕೆ ಕೈ ಹಾಕಬೇಡಿ ಎಂದೇ ನಾನು ಹೇಳುವುದು. ಪ್ರತಿಭಾ ಕಾರಂಜಿಯಂಥ ವೇದಿಕೆಯ ಆಸೆ ಶಿಕ್ಷಕರಲ್ಲಿ ಹುಟ್ಟುತ್ತದೆ. ಚಿತ್ರ ಅಂದವಾಗಿ ಬರಲಿ ಎಂದು ಶಿಕ್ಷಕರೇ ಗೊಂಬೆ ಸರಿಸಲು ಕೂರುತ್ತಾರೆ. ನಾನೂ ಕೂತಿದ್ದೇನೆ. ಆ ವರ್ಷ ಆನೆ ಬಹಳ ಚೆನ್ನಾಗಿ ನಡೆಯಿತು, ಮಕ್ಕಳು ಏನನ್ನೂ ಕಲಿಯಲಿಲ್ಲ.

ಟ್ಯಾಬು, ಕಂಪ್ಯೂಟರು

ಇದನ್ನು ಬೇಗ ಮುಗಿಸುತ್ತೇನೆ. ಸ್ಕ್ರ್ಯಾಚ್ ಜೂನಿಯರ್ 2014ರಲ್ಲಿ ಬಂದ ಉಚಿತ ಆ್ಯಪ್, ಐದರಿಂದ ಏಳು ವರ್ಷದವರಿಗೆಂದೇ ಮಾಡಿದ್ದು. ಅಕ್ಷರ ಓದದೆಯೂ ಚಿತ್ರದ ತುಂಡುಗಳನ್ನು ಜೋಡಿಸಿ ಕಥೆ ಓಡಿಸಬಹುದು. ಟಕ್ಸ್ ಪೇಂಟ್ ಚಿತ್ರ ಬಿಡಿಸುವ ಉಚಿತ ತಂತ್ರಾಂಶ. ಮೂಲೆಯಲ್ಲಿ ಧೂಳು ಹಿಡಿದ ಹಳೆಯ ಕಂಪ್ಯೂಟರಿನಲ್ಲೂ ನಡೆಯುತ್ತದೆ, ಇಂಟರ್ನೆಟ್ ಕೇಳುವುದಿಲ್ಲ, ಕನ್ನಡದ ಮೆನು ಇದೆ. ಎರಡೂ ಒಳ್ಳೆಯವು. ನಾಲ್ಕು ಮಕ್ಕಳಿಗೆ ಒಂದರಂತೆ ಟ್ಯಾಬ್ ಸಿಗುವ, ಅವನ್ನು ಚಾರ್ಜ್ ಮಾಡಿ ಬೀಗ ಹಾಕಿಡುವ ವ್ಯವಸ್ಥೆ ಇರುವ ಶಾಲೆಗೆ ಖಂಡಿತ ಆಗಬಹುದು. ಆದರೆ ಅಲ್ಲಿ ಮಗು ಬಳಸುವ ಬೆಕ್ಕು, ಮನೆ, ಮರಗಳನ್ನು ಮೊದಲೇ ಬೇರೆಯವರು ಬಿಡಿಸಿ ಇಟ್ಟಿರುತ್ತಾರೆ. ಹೊರಗಿನ ಪ್ರಪಂಚ ಚೌಕಟ್ಟಿನೊಳಗೆ ಹೇಗೆ ಬರುತ್ತದೆ ಎಂಬ ನಮ್ಮ ಪ್ರಶ್ನೆ ಪಕ್ಕಕ್ಕೆ ಸರಿಯುತ್ತದೆ. ಕೋಡಿಂಗ್ ಕಲಿಸಬೇಕಾದವರು ಇವನ್ನು ಆರಿಸಲಿ.

ಧ್ವನಿಯ ಬಗ್ಗೆಯೂ ಎರಡು ಮಾತು. ಯಾವುದೇ ಕಾರ್ಟೂನಿನ ಅರ್ಧ ನಿಮಿಷವನ್ನು ಶಬ್ದ ಮುಚ್ಚಿ ತೋರಿಸಿ. ಒಂದು ಗುಂಪು ಡೋಲು ಬಡಿಯಲಿ, ಇನ್ನೊಂದು ಗುಂಪು ಜೋಗುಳ ಹಾಡಲಿ. ಅದೇ ಬೆಕ್ಕು ಒಮ್ಮೆ ಹುಲಿಯಾಗುತ್ತದೆ, ಒಮ್ಮೆ ಕೂಸಾಗುತ್ತದೆ. ಒಂದರಿಂದ ಮೂರರವರೆಗಿನ ನಲಿಕಲಿ ತರಗತಿಗಳಿಗೆ ಇದೇ ಸಾಕು.

ಸುಳ್ಳು ಪತ್ತೆ ಮಾಡುವ ಸಾಧನಗಳು

ಪೋಷಕರೂ ಅಧಿಕಾರಿಗಳೂ ಮೊದಲು ಕೇಳುವುದು ಇದನ್ನೇ. ಗೂಗಲ್ ಲೆನ್ಸ್‌ನಲ್ಲಿ ಒಂದು ಚಿತ್ರ ಇಟ್ಟರೆ ಅದು ಬೇರೆಲ್ಲೆಲ್ಲಿ ಇದೆ ಎಂದು ತೋರಿಸುತ್ತದೆ. ಟೈಪ್ ಮಾಡಬೇಕಿಲ್ಲವಾದ್ದರಿಂದ ಐದನೆಯ ತರಗತಿಯವರೂ ಬಳಸಬಲ್ಲರು. ಮಳೆಗಾಲ ಬಂತೆಂದರೆ ಹಳೆಯ ನೆರೆಯ ಚಿತ್ರಗಳು ಹೊಸ ಊರಿನ ಹೆಸರು ಹೊತ್ತು ಮೊಬೈಲಿಗೆ ಬರುತ್ತವೆ. ಅಂಥ ಒಂದನ್ನು ಎಲ್ಲರೆದುರು ಹುಡುಕಿ ತೋರಿಸಿದರೆ ಪಾಠ ಚೆನ್ನಾಗಿ ಹಿಡಿಯುತ್ತದೆ. ಮೊಬೈಲು ಶಿಕ್ಷಕರ ಕೈಯಲ್ಲೇ ಇರಲಿ. ಹುಡುಕಾಟದಲ್ಲಿ ಪಕ್ಕದಲ್ಲಿ ಏನು ಬಂದು ನಿಲ್ಲುತ್ತದೆ ಎಂದು ಹೇಳಲಾಗದು.

ನೆರೆಯ ಕೇರಳದ ಕಣ್ಣೂರು ಜಿಲ್ಲೆಯಲ್ಲಿ 2018ರಲ್ಲಿ ಸರ್ಕಾರಿ ಶಾಲೆಗಳಲ್ಲಿ ಸುಳ್ಳು ಸುದ್ದಿ ಗುರುತಿಸುವ ಪಾಠಗಳನ್ನು ಶುರುಮಾಡಿದ್ದರು. ಆ ದಾರಿ ದೊಡ್ಡ ಮಕ್ಕಳಿಗೆ ಸರಿ. ಎಂಟು ಒಂಬತ್ತು ವರ್ಷದವರಿಗೆ ಮೊದಲೇ ಇದನ್ನು ಕೊಟ್ಟರೆ ಏನಾಗುತ್ತದೆ ಎಂಬುದು ನನಗೆ ಚಂದ್ರಯಾನದ ದಿನ ಗೊತ್ತಾಯಿತು.

2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಇಳಿಯಿತು. ಮರುದಿನ ಶಾಲೆಯಲ್ಲಿ ಅದರ ವಿಡಿಯೊ ಹಾಕಿದೆ. ಆಗಷ್ಟೇ ಎರಡು ವಾರ ಸುಳ್ಳು ಚಿತ್ರ ಹಿಡಿಯುವ ಪಾಠ ಮಾಡಿದ್ದೆ. ಒಬ್ಬ ಹುಡುಗ ಕೈ ಎತ್ತಿದ. “ಇದು ಕಾರ್ಟೂನು ಸಾರ್. ಚಂದ್ರನ ಮೇಲೆ ಹೊರಗಿನಿಂದ ಫೋಟೊ ತೆಗೆಯಲು ಯಾರು ಹೋಗಿದ್ದರು? ಇಳಿದದ್ದು ಸುಳ್ಳು.” ಅರ್ಧ ಅವನು ಹೇಳಿದ್ದು ಸರಿ. ನೇರ ಪ್ರಸಾರದಲ್ಲಿ ನೌಕೆ ಇಳಿಯುವುದನ್ನು ತೋರಿಸಿದ್ದು ಕಂಪ್ಯೂಟರಿನಲ್ಲಿ ರಚಿಸಿದ ಚಿತ್ರವೇ. ಯಾರು ತೆಗೆದರು ಎಂಬ ಪ್ರಶ್ನೆಯೂ ನಾನೇ ಕಲಿಸಿದ್ದು. ಚಿತ್ರ ಬಿಡಿಸಿದ್ದು ಎಂದ ಮಾತ್ರಕ್ಕೆ ಸಂಗತಿ ಸುಳ್ಳಲ್ಲ ಎಂಬುದನ್ನು ಮಾತ್ರ ಕಲಿಸಿರಲಿಲ್ಲ. ಪಠ್ಯಪುಸ್ತಕದಲ್ಲಿರುವ ಹೃದಯದ ಚಿತ್ರವೂ ಬಿಡಿಸಿದ್ದೇ, ಹೃದಯ ಇಲ್ಲವೇ ಎಂದು ಕೇಳಿ, ನೌಕೆಯ ಸ್ವಂತ ಕ್ಯಾಮೆರಾ ಕಳುಹಿಸಿದ ಚಿತ್ರಗಳನ್ನು ಪಕ್ಕದಲ್ಲಿಟ್ಟು, ಎರಡು ಅವಧಿ ಖರ್ಚು ಮಾಡಿದೆ.

ಎಲ್ಲವನ್ನೂ ನಂಬುವ ಮಗುವನ್ನು ಯಾವುದನ್ನೂ ನಂಬದ ಮಗುವಾಗಿ ಮಾಡುವುದು ಬಹಳ ಸುಲಭ. ಅದಕ್ಕೇ ಪತ್ತೆಯ ಸಾಧನಗಳನ್ನು ನಾನು ಐದನೆಯ ತರಗತಿಯ ಕೊನೆಗೆ ಇಡುತ್ತೇನೆ, ಅದೂ ಸ್ವತಃ ಫೋಟೊ ತೆಗೆದು ಕತ್ತರಿಸಿ ಗೊತ್ತಿದ್ದವರಿಗೆ.

ಕೃತಕ ಬುದ್ಧಿಮತ್ತೆಯಿಂದ ಮಾಡಿದ ಚಿತ್ರಗಳ ಬಗ್ಗೆ ಈಗ ಎಲ್ಲ ತರಬೇತಿಯಲ್ಲೂ ಮಾತು. ಚಿತ್ರದಲ್ಲಿರುವವರ ಕೈಬೆರಳು ಎಣಿಸಿ, ಅದರಲ್ಲಿನ ಅಕ್ಷರ ಸರಿಯಿದೆಯೇ ನೋಡಿ ಎಂಬ ಉಪಾಯಗಳು ಆ ತಂತ್ರಾಂಶಗಳು ಸುಧಾರಿಸಿದಂತೆ ಹಳತಾಗುತ್ತಿವೆ. ಈ ಚಿತ್ರವನ್ನು ಯಾರು ಕಳುಹಿಸಿದರು, ಅವರಿಗೆ ಎಲ್ಲಿಂದ ಬಂತು ಎಂದು ಕೇಳುವ ಅಭ್ಯಾಸ ಹಳತಾಗುವುದಿಲ್ಲ. ಚಾಟ್‌ಜಿಪಿಟಿಯನ್ನು ಹದಿಮೂರರ ಒಳಗಿನವರು ಬಳಸಬಾರದೆಂದು ಆ ಕಂಪನಿಯ ನಿಯಮವೇ ಹೇಳುತ್ತದೆ. ಹಾಗಾಗಿ ಅದು ನಮ್ಮ ಮಕ್ಕಳ ಕೈಗೆ ಕೊಡುವ ಸಾಧನವೇ ಅಲ್ಲ.

ಹಾಗಾದರೆ ಯಾರಿಗೆ ಯಾವುದು?

ಒಬ್ಬರೇ ಶಿಕ್ಷಕರಿದ್ದು ಒಂದರಿಂದ ಐದರವರೆಗೆ ಒಟ್ಟಿಗೆ ನಡೆಸುವ ಶಾಲೆಗೆ ಮೊಬೈಲು ಮತ್ತು ರಟ್ಟಿನ ಚೌಕಟ್ಟು. ಚಿಕ್ಕವರು ಚೌಕಟ್ಟಿನಲ್ಲಿ ನೋಡಿ ಬಿಡಿಸಲಿ, ದೊಡ್ಡವರು ಫೋಟೊ ತೆಗೆಯಲಿ. ಟಿವಿ ಈಗಾಗಲೇ ಗೋಡೆಯ ಮೇಲಿದ್ದರೆ ವಾರಕ್ಕೆ ಒಂದು ಚಿತ್ರ, ಹದಿನೈದು ನಿಮಿಷ, ಮೂರು ಪ್ರಶ್ನೆ. ಎರಡು ವರ್ಷ ಹೀಗೆ ನಡೆಸಿದವರು, ಹೆಚ್ಚುವರಿ ಕೈ ಇರುವವರು ಸ್ಟಾಪ್ ಮೋಷನ್‌ಗೆ ಹೋಗಲಿ. ನನ್ನ ಗೆಳೆಯ ಮುಖ್ಯ ಶಿಕ್ಷಕರು ಹಳೆಯ ವಿದ್ಯಾರ್ಥಿಗಳಿಂದ ಏನಾದರೂ ಕೇಳಲೇಬೇಕೆಂದರೆ ಒಂದು ಗಟ್ಟಿ ಸ್ಟ್ಯಾಂಡ್, ಮಕ್ಕಳ ಫೋಟೊಗಳನ್ನು ಅಚ್ಚು ಹಾಕಿ ಗೋಡೆಗೆ ಅಂಟಿಸಲು ಒಂದು ಬಣ್ಣದ ಪ್ರಿಂಟರ್ ಕೇಳಲಿ. ಅಚ್ಚಾಗಿ ಗೋಡೆಯ ಮೇಲೆ ನಿಂತ ಚಿತ್ರವನ್ನು ಮಕ್ಕಳು ಮತ್ತೆ ಮತ್ತೆ ಓದುತ್ತಾರೆ. ಗ್ಯಾಲರಿಯಲ್ಲಿ ಉಳಿದದ್ದನ್ನು ಯಾರೂ ನೋಡುವುದಿಲ್ಲ.

ಫಲ ಬಂತೇ ಎಂದು ತಿಳಿಯಲು ನಾನು ಪರೀಕ್ಷೆ ಮಾಡುವುದಿಲ್ಲ. ಜೂನ್‌ನಲ್ಲಿ ಒಂದು ಚಿತ್ರದ ಬಗ್ಗೆ ಐದು ಸಾಲು ಬರೆಸುತ್ತೇನೆ, ಡಿಸೆಂಬರಿನಲ್ಲಿ ಬೇರೆ ಚಿತ್ರದ ಬಗ್ಗೆ ಐದು ಸಾಲು. ಎರಡರಲ್ಲೂ “ಏಕೆಂದರೆ” ಎಷ್ಟು ಸಲ ಬಂದಿದೆ ಎಂದು ಎಣಿಸುತ್ತೇನೆ. ಮೇಲಧಿಕಾರಿಗಳಿಗೆ ತೋರಿಸಲೂ ಈ ಹಾಳೆಗಳು ಸಾಕಾಗಿವೆ.

ಯಾವುದನ್ನೇ ಆರಿಸಿ, ಮಕ್ಕಳ ಮುಖವಿರುವ ಫೋಟೊ ಶಾಲೆಯಿಂದ ಹೊರಗೆ ಹೋಗಬಾರದು. ಶಿಕ್ಷಕರ ಸ್ಟೇಟಸ್‌ಗೂ ಬೇಡ, ದಾನಿಗಳ ಗುಂಪಿಗೂ ಬೇಡ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ 18 ವರ್ಷದೊಳಗಿನವರೆಲ್ಲ ಮಕ್ಕಳೇ, ಅವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು. ನಾನು ವರ್ಷದ ಮೊದಲ ಪೋಷಕರ ಸಭೆಯಲ್ಲೇ ಸಹಿ ಪಡೆದಿಡುತ್ತೇನೆ. ಸ್ವಂತ ಮೊಬೈಲು ಬಳಸುವವರು ಫೋಟೊಗಳು ತಾವಾಗಿಯೇ ಕ್ಲೌಡ್‌ಗೆ ಏರುವ ಸೌಲಭ್ಯವನ್ನು ಆ ದಿನ ಬಂದ್ ಮಾಡಿಡಿ. ಅಚ್ಚಿಗೆ ಬೇಕಾದದ್ದನ್ನು ಶಾಲೆಯ ಪೆನ್‌ಡ್ರೈವ್‌ಗೆ ಹಾಕಿ, ಉಳಿದದ್ದನ್ನು ಸಂಜೆಯ ಗಂಟೆಗೆ ಮೊದಲು ಮಕ್ಕಳ ಎದುರೇ ಅಳಿಸಿ. ಅಳಿಸುವ ಮುಂಚೆ ಯಾವುದನ್ನು ಉಳಿಸೋಣ ಎಂದು ಅವರನ್ನೇ ಕೇಳಿ. ನಮ್ಮಲ್ಲಿ ಆ ಹತ್ತು ನಿಮಿಷದ ಜಗಳದಲ್ಲಿ ಆಗುವಷ್ಟು ಚರ್ಚೆ ಇಡೀ ಪಾಠದಲ್ಲಿ ಆಗಿರುವುದಿಲ್ಲ. ಚಪ್ಪಲಿಯ ಎಪ್ಪತ್ತು ಫೋಟೊಗಳಲ್ಲಿ ಒಂದನ್ನು ಅವನು ಹಟ ಹಿಡಿದು ಉಳಿಸಿಕೊಂಡ. ಕಿತ್ತ ಉಂಗುಷ್ಠದ ಜಾಗದಲ್ಲಿ ಪಿನ್ನು ಚುಚ್ಚಿದ್ದು ಅದೊಂದರಲ್ಲೇ ಕಾಣುತ್ತಿತ್ತು.